ಇಲ್ಲಿ ಪಾರ್ಕ್ ಮಾಡಬೇಡಿ

ನಾಗೇಂದ್ರನ ಸಕಲ ಸಂಕಷ್ಟಕ್ಕೂ ಕಾರಣವಾದದ್ದು ಒಂದು ತಗಡಿನ ಬೋರ್ಡು. ಹಳದಿ ಬಣ್ಣದ ಮೇಲೆ ಕೆಂಪಕ್ಷರದಲ್ಲಿ ‘ಇಲ್ಲಿ ಪಾರ್ಕ್ ಮಾಡಬೇಡಿ’ ಎಂದು ಬರೆಸಿ, ತನ್ನ ಮನೆಯ ಗೇಟಿಗೆ ತಂತಿಯಲ್ಲಿ ಬಿಗಿದಿದ್ದ. ಆ ಬೋರ್ಡಿಗೆ ಇಡೀ ನಂಜನಗೂಡಿನಲ್ಲಿ ಒಬ್ಬನಾದರೂ ಮರ್ಯಾದೆ ಕೊಟ್ಟವನಿಲ್ಲ. ದಿನ ಬೆಳಗಾದರೆ ಅದರ ಬುಡದಲ್ಲೇ ಯಾರದೋ ಬೈಕು, ಯಾರದೋ ಗೂಡ್ಸ್ ಆಟೋ, ಒಮ್ಮೊಮ್ಮೆ ಯಾರದೋ ಎಮ್ಮೆ. ಎಮ್ಮೆಗಾದರೂ ಓದು ಬರಹ ಇಲ್ಲ ಎಂದು ಸುಮ್ಮನಾಗಬಹುದು. ಬೈಕಿನವರೆಲ್ಲ ಎಸ್ಸೆಸ್ಸೆಲ್ಸಿ ದಾಟಿದವರೇ!

ನಾಗೇಂದ್ರ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುವವನು. ಅಲ್ಲಿ ಸಾವಿರಾರು ನಟ್ಟು ಬೋಲ್ಟುಗಳಿಗೆ ಒಂದೊಂದು ಗೂಡು ಹೊಂದಿಸಿಕೊಟ್ಟ ಪುಣ್ಯಾತ್ಮನಿಗೆ, ಮನೆಯಲ್ಲಿದ್ದ ಒಂದೇ ಒಂದು ಕಾರಿಗೆ ಗೂಡು ಸಿಕ್ಕಿರಲಿಲ್ಲ. ಆ ಕಾರಾದರೂ ಅವನು ಕೊಂಡದ್ದಲ್ಲ, ಮಾವ ಕೊಟ್ಟದ್ದು. ಟಿ. ನರಸೀಪುರದ ಚನ್ನಯ್ಯ ಜೀವಮಾನವೆಲ್ಲ ಬಸ್ ಓಡಿಸಿ ನಿವೃತ್ತನಾದವನು. ಆಸೆಪಟ್ಟು ಒಂದು ಬಿಳೀ ಕಾರು ಕೊಂಡ. ಕೊಂಡ ಮಾರನೆಯ ದಿನದಿಂದ ನೆಂಟರಿಷ್ಟರೆಲ್ಲ ‘ಅಲ್ಲಿಗೆ ಬಿಡು, ಇಲ್ಲಿಂದ ಕರಕೊಂಡು ಬಾ’ ಎಂದು ಮತ್ತೆ ಡ್ರೈವರ್ ಕೆಲಸಕ್ಕೆ ಹಚ್ಚಿದರು. ಸಿಟ್ಟು ಬಂದು ಬೀಗದಕೈಯನ್ನು ಮಗಳು ಕೋಮಲಳ ಕೈಗೆ ಹಾಕಿ, ಅಳಿಯನಿಗೆ ಒಂದು ಷರತ್ತು ವಿಧಿಸಿದ.

“ಬಾಗಿಲಿಂದ ನೋಡುದ್ರೆ ಕಾರು ಕಣ್ಣಿಗೆ ಕಾಣ್ಬೇಕು, ಅಂಥ ಜಾಗದಲ್ಲಿ ನಿಲ್ಸು. ಕಂಡೋರ ಬೀದೀಲಿ ಬಿದ್ದದೆ, ಕಂಡೋರ್ನೆಲ್ಲ ಒತ್ಕೊಂಡು ತಿರುಗ್ತದೆ ಅಂತ ನನ್ ಕಿವಿಗೆ ಬಿದ್ದ ದಿನ ಬೀಗದಕೈ ವಾಪಸ್ ಇಸ್ಕೊತೀನಿ. ನಿನ್ ಷಡ್ಡಕ ಕಾಯ್ತಾ ಕುಂತವ್ನೆ.”

ನರಸೀಪುರದಲ್ಲೇ ಇದ್ದ ಆ ಷಡ್ಡಕ ನಿಜವಾಗಿಯೂ ಕಾಯುತ್ತಾ ಕೂತಿದ್ದ. ಹಬ್ಬಕ್ಕೆ ಹೋದಾಗಲೆಲ್ಲ ಕಾರಿನ ಬಾನೆಟ್ಟನ್ನು ಕರುವಿನ ಬೆನ್ನು ಸವರಿದಂತೆ ಸವರಿ, “ಚೆನ್ನಾಗಿ ನೋಡ್ಕೊತಿದ್ದೀಯಾ ತಾನೆ ಬ್ರದರ್?” ಎನ್ನುತ್ತಿದ್ದ. ಆ ಮಾತಿಗೆ ನಾಗೇಂದ್ರನ ರಕ್ತ ಕುದಿಯುತ್ತಿತ್ತು.

ಆ ದಿನ ಫ್ಯಾಕ್ಟರಿಗೆ ವಾರದ ರಜೆ. ನಾಗೇಂದ್ರ ಕಾಫಿ ಲೋಟ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಬೀದಿಯ ತುದಿಯಲ್ಲಿ ಜೆಸಿಬಿ ಘರ್ ಎಂದಿತು. ಆ ಬೀದಿಯನ್ನು ಅಗೆಯುವುದು ಹೊಸದೇನಲ್ಲ. ಮೊದಲು ಚರಂಡಿಗೆಂದು ಅಗೆದು ಮುಚ್ಚಿದರು. ಮುಚ್ಚಿದ ಮೇಲೆ ನೀರಿನ ಪೈಪು ನೆನಪಾಗಿ ಅಗೆದರು. ಅದು ಆರುವಷ್ಟರಲ್ಲಿ ಕೇಬಲ್ಲಿನವರು ಬಂದರು. ಈವರೆಗೆ ಸುರಿದ ದುಡ್ಡಿನಲ್ಲಿ ಬೀದಿಗೆ ಬೆಳ್ಳಿಯ ತಗಡು ಹೊದಿಸಬಹುದಿತ್ತು. ಈ ಸಲ ಮಾತ್ರ ಬೀದಿಯನ್ನೇ ಹೊಸದಾಗಿ ಕಟ್ಟುತ್ತಾರಂತೆ.

ಜೆಸಿಬಿಯ ಹಿಂದೆ ಇಂಜಿನಿಯರ್ ಅರ್ಪಿತ ಬಂದಳು. ಕಾಲೇಜಿನ ಕಳೆ ಇನ್ನೂ ಮುಖದಿಂದ ಇಳಿಯದ ಹುಡುಗಿ, ಆದರೆ ಮಾತು ಕಬ್ಬಿಣ. ಅವಳ ಹಿಂದೆ ಕಂಟ್ರಾಕ್ಟರ್ ಅಮೃತೇಶ್, ಬೆವರು ಒರೆಸಿಕೊಳ್ಳುತ್ತಾ.

“ನೋಡಿ, ಬೀದಿ ಇರೋದು ನಡೆಯೋರಿಗೆ. ಎರಡೂ ಕಡೆ ಫುಟ್‌ಪಾತ್ ಬರುತ್ತೆ, ಅಂಚಿಗೆ ಕಲ್ಲು ನೆಡ್ತೀವಿ. ಇನ್ಮೇಲೆ ಈ ಬೀದೀಲಿ ಕಾರು ನಿಲ್ಲಿಸೋಕೆ ಆಗಲ್ಲ,” ಎಂದಳು ಅರ್ಪಿತ.

ನಾಗೇಂದ್ರನ ಕೈಯ ಕಾಫಿ ಅರ್ಧ ಲುಂಗಿಗೆ, ಅರ್ಧ ನೆಲಕ್ಕೆ ನೈವೇದ್ಯವಾಯಿತು.

“ಆದ್ರೆ ಇದೊಂದು ತುಂಡು ಜಾಗ ಉಳಿಯುತ್ತೆ,” ಎಂದು ಅವಳು ತೋರಿಸಿದ್ದು ನಾಗೇಂದ್ರನ ಮನೆಯ ಎದುರಿಗೇ! ಹಿಂದೆ ಕೈಪಂಪು ಇದ್ದ ಜಾಗ. ಪಂಪು ಸತ್ತು ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಬಿಳೀ ಕಾರು ನಿಲ್ಲುತ್ತಿತ್ತು. “ಇಲ್ಲಿ ಏನು ಮಾಡ್ಬೇಕು ಅಂತ ಬೀದಿಯವರೇ ತೀರ್ಮಾನ ಮಾಡಿ. ಎಲ್ಲರದೂ ಒಂದೇ ಮಾತಾಗಿರ್ಬೇಕು. ಒಬ್ಬರು ಒಂದು, ಇನ್ನೊಬ್ಬರು ಇನ್ನೊಂದು ಅಂದ್ರೆ ಚಪ್ಪಡಿ ಎಳೆದು ಮುಚ್ಚಿಬಿಡ್ತೀನಿ. ಸಂಜೆ ಬಂದು ಕೇಳ್ತೀನಿ.”

“ಖರ್ಚು ಕಮ್ಮಿದು ಯಾವುದಾದ್ರೂ ಹೇಳ್ರಪ್ಪ. ಈ ಬೀದಿ ಎಸ್ಟಿಮೇಟು ಆಗ್ಲೇ ಬಸುರಿ ಹೊಟ್ಟೆ ಥರ ಆಗದೆ,” ಎಂದು ಅಮೃತೇಶ್ ಕೈಮುಗಿದ.

ಹೊರಡುವ ಮುಂಚೆ ಅರ್ಪಿತಳ ಕಣ್ಣು ಗೇಟಿನ ಮೇಲೆ ಬಿತ್ತು. ತಲೆ ಓರೆ ಮಾಡಿ ಓದಿದಳು. “ಈ ಬೋರ್ಡು ನಿಮ್ದಾ?”

“ಅಲ್ಲ ಮೇಡಂ! ಹಳೇದು! ಹಿಂದಿದ್ದೋರ್ದು!” ಎಂದ ನಾಗೇಂದ್ರ. ಆ ಮನೆಗೆ ಹಿಂದಿದ್ದವರು ಅವನ ಅಪ್ಪ. ಅವರ ಕಾಲದಲ್ಲಿ ಬೀದಿಯಲ್ಲಿ ಎತ್ತಿನ ಗಾಡಿ ಬಿಟ್ಟರೆ ಬೇರೆ ವಾಹನವೇ ಇರಲಿಲ್ಲ.

ಅವಳು ಆಚೆ ಹೋದದ್ದೇ ತಡ, ಬೋರ್ಡನ್ನು ಕಿತ್ತು ಜೆಸಿಬಿ ಎತ್ತಿ ಹಾಕಿದ್ದ ಮಣ್ಣಿನ ಗುಡ್ಡೆಯ ಮೇಲೆ ಎಸೆದ. ‘ಪಾರ್ಕ್ ಮಾಡಬೇಡಿ’ ಎಂದು ಬರೆಸಿಕೊಂಡವನೇ ‘ಪಾರ್ಕ್ ಮಾಡಲು ಜಾಗ ಕೊಡಿ’ ಎಂದು ಕೇಳಿದರೆ ಯಾರು ಒಪ್ಪುತ್ತಾರೆ?

ಅಷ್ಟರಲ್ಲಿ ಮಾವನ ಫೋನು. “ನಿಮ್ ಬೀದಿ ಅಗೀತಾವ್ರಂತೆ? ನನ್ ಕಾರು ಎಲ್ಲಿ ನಿಲ್ತದೆ? ಸಂಜೆ ಬಸ್ಸಿಗೆ ಬಂದು ಕಣ್ಣಾರೆ ನೋಡ್ತೀನಿ.”

ನಾಗೇಂದ್ರ ಜಗುಲಿಯ ಮೇಲೆ ಕುಸಿದ. ಕೋಮಲ ಒಳಗಿನಿಂದ ಸೌಟು ಹಿಡಿದೇ ಬಂದಳು. ಆ ಮನೆಯಲ್ಲಿ ತಲೆ ಓಡಿಸುವ ಖಾತೆ ಅವಳದು.

“ಬೀದಿಯವ್ರ ಹತ್ರ ಓಗಿ ಕೇಳ್ರಿ. ಆದ್ರೆ ಒಂದ್ಮಾತು. ಕಾರು ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಬಾರ್ದು.”

“ಅದ್ಯಾಕೆ?”

“ಕಾರು ಅಂದ್ರೆ ಹೊಟ್ಟೆಕಿಚ್ಚು ಬೀಳ್ತಾರೆ. ಇವನೊಬ್ಬನ ಕಾರಿಗೆ ನಾವ್ಯಾಕೆ ಜಾಗ ಬುಡ್ಬೇಕು ಅಂತಾರೆ. ಸಂಜೆ ‘ಇಲ್ಲಿ ಪಾರ್ಕ್ ಮಾಡಿ’ ಅಂತ ಅಷ್ಟೇ ಅನ್ನಿ ಅಂತ ಹೇಳಿ. ಯಾರದು, ಏನು ಅಂತ ಬಿಡಿಸಿ ಹೇಳ್ಬೇಡಿ.”

ಹೆಂಡತಿಯ ಬುದ್ಧಿಗೆ ನಾಗೇಂದ್ರ ಮನಸ್ಸಿನಲ್ಲೇ ಅಡ್ಡಬಿದ್ದ.

ಮೊದಲ ಮನೆ ಗುರುಬಸಮ್ಮನದು. ಬೀದಿಗೆಲ್ಲ ಹಿರಿಯಳು. ಅವಳು ಹೂಂ ಅಂದರೆ ಮಿಕ್ಕವರು ಉಸಿರೆತ್ತುವುದಿಲ್ಲ. ಮೊರದಲ್ಲಿ ಹುರುಳಿ ಕೇರುತ್ತಾ ಕೂತಿದ್ದಳು.

“ಅಜ್ಜಿ, ಸಂಜೆ ಆ ಇಂಜಿನಿಯರಮ್ಮ ಬತ್ತಾರಲ್ಲ, ‘ಇಲ್ಲಿ ಪಾರ್ಕ್ ಮಾಡಿ’ ಅಂತ ಒಂದ್ಮಾತು ಅಂದ್ಬುಡಿ.”

ಕೇರುತ್ತಿದ್ದ ಮೊರ ನಿಂತಿತು. “ಪಾರ್ಕಾ? ಆ ಪಂಪಿನ ಜಾಗದಲ್ಲಾ? ನೀನೇ ಬಂದು ಯೋಳ್ತಾ ಇದ್ದೀಯೇನಯ್ಯ? ನಿಂಗೇನೂ ತೊಂದ್ರೆ ಆಗಾಕಿಲ್ವ?”

“ತೊಂದ್ರೆ ಏನಜ್ಜಿ! ಬೆಳಗೆದ್ದು ಬಾಗಿಲು ತೆಗುದ್ರೆ ಎದುರ್ಗೇ ಕಾಣ್ತಾ ಇದ್ರೆ ಕಣ್ಣಿಗೆ ಎಷ್ಟು ತಂಪು!”

ಗುರುಬಸಮ್ಮ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ಅವಳ ಕಣ್ಣಿನಲ್ಲಿ ಏನೋ ಮಿಂಚಿತು. “ಯೋಚ್ನೆ ಮಾಡ್ಬೇಕು ಕಣಪ್ಪ. ಸುಮ್ಕೆ ಅಂಗೆಲ್ಲ ಅನ್ನಕ್ಕಾಯ್ತದ? ತಗಡೂರಿಗೆ ಒಸಿ ಕರ್ಕೊಂಡೋಗಿ ಬಂದ್ರೆ ದಾರೀಲಿ ಯೋಚ್ನೆ ಮಾಡ್ತೀನಿ.”

ತಗಡೂರಿನಲ್ಲಿ ಗುರುಬಸಮ್ಮನ ತಂಗಿ ಇದ್ದಳು. ಒಂದು ಹಿತ್ತಾಳೆ ಕೊಪ್ಪರಿಗೆಯ ವಿಚಾರಕ್ಕೆ ಅಕ್ಕತಂಗಿಯರು ಮಾತು ಬಿಟ್ಟಿದ್ದರು. ಪಾಪ, ಮುದುಕಿ ರಾಜಿಗೆ ಹೊರಟಿದ್ದಾಳೆ ಎಂದು ನಾಗೇಂದ್ರ ಕರಗಿದ. ತಂಗಿಯ ಮನೆಯ ಮುಂದೆ ಕಾರು ನಿಂತರೂ ಗುರುಬಸಮ್ಮ ಇಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿ, ಸೆರಗು ಸರಿಮಾಡಿಕೊಂಡು, “ಹಾರನ್ ಒಡಿ,” ಎಂದಳು.

ಹೊಡೆದ. “ಇನ್ನೂ ಒಡಿ. ಆ ಮೂದೇವಿಗೆ ಕಿವಿ ಮಂದ.”

ತಂಗಿ ಹೊರಗೆ ಬಂದಳು. ಗುರುಬಸಮ್ಮ ಕಿಟಕಿಯಲ್ಲಿ ಮುಖವಿಟ್ಟು, “ಏನಿಲ್ಲ ಕಣೇ, ಈ ಕಡೆ ಕಾರಲ್ಲಿ ಓಯ್ತಾ ಇದ್ದೆ. ನೀನು ಈಗ್ಲೂ ಬಸ್ಸಲ್ಲೇ ತಾನೇ ಓಡಾಡೋದು? ಸರಿ ಬುಡು. ತಿರುಗ್ಸಪ್ಪ ಗಾಡಿಯ!” ಎಂದಳು.

ಕಾರು ತಿರುಗುವಷ್ಟರಲ್ಲಿ ತಂಗಿ ಒಳಗೆ ಹೋಗಿ ಅಕ್ಕಿ ತೊಳೆದ ನೀರಿನ ಪಾತ್ರೆ ತಂದು ಮುಂದಿನ ಗಾಜಿಗೆ ಎರಚಿದಳು. ಅಲ್ಲಿಗೆ ಮುಗಿಯಲಿಲ್ಲ. ಆ ಪಾಟಿ ಹೊಡೆಸಿಕೊಂಡ ಹಾರನ್ನಿಗೆ ತಲೆ ಕೆಟ್ಟಿತ್ತು. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಾಗಲೆಲ್ಲ ತಾನಾಗಿಯೇ ‘ಪಾಂ’ ಎಂದು ಅರಚತೊಡಗಿತು. ನಂಜನಗೂಡಿಗೆ ಬರುವಷ್ಟರಲ್ಲಿ ದಾರಿಯ ಎಡ ತಿರುವುಗಳೆಲ್ಲ ಬೈಯಿಸಿಕೊಂಡಿದ್ದವು.

“ಯೋಚ್ನೆ ಮಾಡುದ್ರಾ ಅಜ್ಜಿ?”

“ಮಾಡ್ದೆ ಕಣಪ್ಪ. ಪಾರ್ಕೇ ಆಗ್ಲಿ,” ಎಂದು ಗುರುಬಸಮ್ಮ ಇಳಿದಳು. ಅವಳ ಮುಖದಲ್ಲಿ ಹಬ್ಬದ ಕಳೆ ಇತ್ತು.

ಎರಡನೆಯವನು ನಂಜೇಶ. ಮೈಕ್ ಸೆಟ್ ಬಾಡಿಗೆ ಕೊಡುವವನು. ಮೈಕ್ ಇಲ್ಲದೆಯೂ ಮೈಕಿನಂತೆಯೇ ಮಾತಾಡುವವನು. ನಾಗೇಂದ್ರ ವಿಷಯ ಹೇಳಿದ್ದಕ್ಕೆ ಅವನೂ ಬಾಯಿ ತೆರೆದ.

“ಇಲ್ಲಿ ಪಾರ್ಕ್ ಮಾಡಿ ಅಂತ ನೀನೇ ಕೇಳ್ತಾ ಇದ್ದೀಯೇನ್ಲಾ? ನಿಜ್ವಾಗ್ಲೂ? ಆಮ್ಯಾಕೆ ಮಾತು ಬದ್ಲಾಯಿಸ್ಬಾರ್ದು.”

“ನಮ್ಮವ್ವನಾಣೆ ಕಣ್ಲಾ! ಬದ್ಲಾಯಿಸೋದೇ ಇಲ್ಲ.”

ನಂಜೇಶನಿಗೆ ನಗು ಬಂತೋ ಕೆಮ್ಮು ಬಂತೋ, ಗೋಡೆ ಕಡೆ ತಿರುಗಿ ಸ್ವಲ್ಪ ಹೊತ್ತು ಮೈ ಕುಲುಕಿಸಿದ. ಆಮೇಲೆ ಗಂಭೀರವಾಗಿ ಈ ಕಡೆ ತಿರುಗಿ, “ಅಂತೀನಿ ಬುಡು. ಮೈಕಲ್ಲೇ ಅಂತೀನಿ. ಆದ್ರೆ ನರಸೀಪುರ್ದಲ್ಲಿ ಒಂದು ನಾಮಕರಣ ಅದೆ, ಈ ಸ್ಪೀಕರ್‌ಗಳ್ನ ತಲುಪಿಸ್ಬೇಕಾಗಿತ್ತು. ಟೆಂಪೋದವ್ನು ಕೈ ಕೊಟ್ಬುಟ್ಟ,” ಎಂದ.

“ಅಯ್ಯೋ, ಕಾರೊಳಗೆ ಇಡ್ಸುತ್ತೇನ್ಲಾ ಇವು?”

“ಒಳಗ್ಯಾಕೆ? ಮ್ಯಾಲೆ ಕಟ್ಟಾನ.”

ನೆತ್ತಿಯ ಮೇಲೆ ಎರಡು ತುತ್ತೂರಿ ಸ್ಪೀಕರ್ ಕಟ್ಟಿಸಿಕೊಂಡ ಬಿಳೀ ಕಾರು ಕೋಡು ಮೂಡಿದ ಮೊಲದಂತೆ ಕಂಡಿತು. ಹಗ್ಗ ಬಿಗಿಯುತ್ತಿರುವಾಗಲೇ ಮೂರನೆಯ ಮನೆಯ ರುದ್ರಮ್ಮ, ಕೇಳುವ ಕಷ್ಟವನ್ನೂ ಕೊಡದೆ, ತಾನೇ ನಡೆದು ಬಂದಳು. ಸುದ್ದಿ ಅವಳಿಗಾಗಲೇ ಮುಟ್ಟಿತ್ತು.

“ನಾನೂ ಪಾರ್ಕು ಅಂತೀನಿ ಕಣ್ರೀ ನಾಗೇಂದ್ರ. ನರಸೀಪುರಕ್ಕೆ ಓಗ್ತೀರಂತಲ್ಲ? ಬರೋವಾಗ ಹೆಂಗೂ ಖಾಲಿ ಬತ್ತೀರಿ. ನಮ್ ತವರುಮನೆಯಿಂದ ಒಂದು ಚಿಕ್ಕ ಸಾಮಾನು ತಂದ್ಕೊಡಿ.”

“ಎಷ್ಟು ಚಿಕ್ಕದು?”

“ಚಿಕ್ಕದೇ. ಇನ್ನೂ ಹಾಲು ಬುಟ್ಟಿಲ್ಲ.”

ಅದು ಸಾಮಾನಲ್ಲ, ಕರು ಎಂದು ನಾಗೇಂದ್ರನಿಗೆ ಗೊತ್ತಾದದ್ದು ನರಸೀಪುರ ಮುಟ್ಟಿದ ಮೇಲೆ.

ಅದಕ್ಕೂ ಮುಂಚೆ ದಾರಿಯಲ್ಲಿ ಇನ್ನೊಂದು ಫಜೀತಿ. ಒಂದು ಹಳ್ಳಿಯ ಟೀ ಅಂಗಡಿಯ ಮುಂದೆ ಹಗ್ಗ ಸಡಿಲವಾಗಿ ಒಂದು ಸ್ಪೀಕರ್ ಕಿಟಕಿಗೆ ಜೋತುಬಿತ್ತು. ಕಾರು ನಿಲ್ಲಿಸಿ ಇಳಿದರೆ ಜನ ಸುತ್ತುವರಿದರು.

“ಯಾವ ಪಾರ್ಟಿ ಸಾ?” ಎಂದ ಒಬ್ಬ ಮುದುಕ.

“ಯಾವ ಪಾರ್ಟೀನೂ ಅಲ್ಲ ಕಣಪ್ಪೋ.”

“ಓ, ಪಕ್ಷೇತರ! ನಮ್ಮೂರ ರಸ್ತೆ ಯಾವಾಗ ಮಾಡುಸ್ತೀರಿ?”

“ಅಯ್ಯೋ, ನಾನು ಯಾರೂ ಅಲ್ಲ ಯಜಮಾನ್ರೇ! ನನ್ ಕೈಲಿ ಏನೂ ಆಗಲ್ಲ!”

“ಗೆದ್ದೋರೂ ಅದೇ ಅಂತಾರೆ. ಈವಯ್ಯ ಓಟಿಗೆ ಮುಂಚೇನೇ ನಿಜ ಯೋಳ್ಬುಟ್ಟ, ಒಳ್ಳೇ ಮನ್ಸ,” ಎಂದು ಮುದುಕ ಸುತ್ತ ನಿಂತವರಿಗೆ ಸಾರಿದ. ಅವರೇ ಮುಂದೆ ಬಂದು ಸ್ಪೀಕರ್ ಕಟ್ಟಿಕೊಟ್ಟು, ಟೀ ಕುಡಿಸಿ, ಜೈಕಾರ ಹಾಕಿ ಕಳಿಸಿದರು.

ನರಸೀಪುರದಲ್ಲಿ ಸ್ಪೀಕರ್ ಇಳಿಸಿ ರುದ್ರಮ್ಮನ ತವರುಮನೆಗೆ ಹೋದರೆ, ಹಗ್ಗದ ತುದಿಯಲ್ಲಿ ಕಂದು ಬಣ್ಣದ ಕರು. ನಾಗೇಂದ್ರ ಬೇಡ ಎನ್ನುವಷ್ಟರಲ್ಲಿ ಅವರು ಅದನ್ನು ಹಿಂದಿನ ಸೀಟಿಗೆ ತುರುಕಿ ಬಾಗಿಲು ಹಾಕಿದ್ದರು. ಕರು ಮೊದಲು ಸೀಟಿನ ಬಟ್ಟೆ ನೆಕ್ಕಿತು. ರುಚಿ ಹತ್ತಿ ಅಗಿಯಿತು. ಅದೂ ಬೇಸರವಾಗಿ ಕಿಟಕಿಯ ಹೊರಗೆ ಕತ್ತು ಹಾಕಿ ಊರು ನೋಡತೊಡಗಿತು.

‘ಬಸ್ ಸ್ಟ್ಯಾಂಡ್ ದಾಟಿದರೆ ಗೆದ್ದೆ’ ಎಂದುಕೊಂಡ ನಾಗೇಂದ್ರ. ಬಸ್ ಸ್ಟ್ಯಾಂಡಿನ ಬಳಿ ರಸ್ತೆ ಎಡಕ್ಕೆ ತಿರುಗುತ್ತದೆ. ಹಾರನ್ ‘ಪಾಂ’ ಎಂದು ಅರಚಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಅವರ ನಡುವೆ ಬಟ್ಟೆ ಚೀಲ ಹಿಡಿದು ನಿಂತಿದ್ದವನು ಮಾವ ಚನ್ನಯ್ಯ!

ಚನ್ನಯ್ಯನ ಕಣ್ಣಿಗೆ ಬಿದ್ದದ್ದು ಇಷ್ಟು. ತನ್ನ ಮುದ್ದಿನ ಕಾರು. ಅದರ ಹಿಂದಿನ ಕಿಟಕಿಯಲ್ಲಿ ಒಂದು ಕರು, ಮುಂದಿನ ಕಿಟಕಿಯಲ್ಲಿ ಅಳಿಯ. ಇಬ್ಬರ ಮುಖದಲ್ಲೂ ಒಂದೇ ಕಳೆ.

“ಅಂಬಾ,” ಎಂದಿತು ಕರು.

“ಲೇ!” ಎಂದ ಚನ್ನಯ್ಯ.

ನಿಲ್ಲಿಸಿದರೆ ಮಾವನನ್ನು ಕರುವಿನ ಪಕ್ಕ ಕೂರಿಸಬೇಕು. ನಿಲ್ಲಿಸದಿದ್ದರೆ ಮಾವನನ್ನು ಕಂಡೂ ಕಾಣದಂತೆ ಹೋದ ಹಾಗಾಗುತ್ತದೆ. ನಾಗೇಂದ್ರ ಬುದ್ಧಿ ಓಡಿಸುವ ಬದಲು ಕಾರು ಓಡಿಸಿದ.

ಕನ್ನಡಿಯಲ್ಲಿ ನೋಡುತ್ತಾನೆ, ಹಿಂದೆ ನಂಜನಗೂಡಿನ ಬಸ್ಸು! ಅದರ ಡ್ರೈವರ್ ಒಂದು ಕಾಲದಲ್ಲಿ ಚನ್ನಯ್ಯನಿಂದಲೇ ಸ್ಟೀರಿಂಗ್ ಹಿಡಿಯುವುದನ್ನು ಕಲಿತವನು. ಗುರುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಸ್ಸನ್ನು ಬಾಣದಂತೆ ಬಿಡುತ್ತಿದ್ದ. ಚನ್ನಯ್ಯ ಮುಂದಿನ ಗಾಜಿಗೆ ಬೆರಳು ಚಾಚಿ ದಾರಿ ತೋರಿಸುತ್ತಿದ್ದ. ಬಸ್ಸು ಇನ್ನೇನು ಕಾರಿನ ಬಾಲ ಮುಟ್ಟಿತು ಎನ್ನುವಾಗ ಸ್ಟಾಪು ಬರುತ್ತಿತ್ತು, ಯಾರೋ ಮೂಟೆ ಇಳಿಸುತ್ತಿದ್ದರು. ಕಾರು ದೂರವಾಗುತ್ತಿತ್ತು. ಮತ್ತೆ ಬಸ್ಸು ಬೆನ್ನು ಹತ್ತುತ್ತಿತ್ತು. ಆಗಾಗ ಕರು ಹಿಂದೆ ತಿರುಗಿ ಬಸ್ಸಿಗೆ “ಅಂಬಾ” ಎಂದು ಉತ್ತರ ಕೊಡುತ್ತಿತ್ತು. ಬಸ್ಸಿನೊಳಗಿನ ಜನ ಟಿಕೆಟ್ಟಿನ ದುಡ್ಡು ಇಂದು ಸಾರ್ಥಕವಾಯಿತೆಂದು ಕಿಟಕಿಯಿಂದ ಕೇಕೆ ಹಾಕಿದರು.

ನಾಗೇಂದ್ರ ತನ್ನ ಬೀದಿ ಮುಟ್ಟಿದಾಗ ಸಂಜೆಯಾಗಿತ್ತು. ಬೀದಿಯ ಬಾಯಿಗೇ ಅಡ್ಡಲಾಗಿ ಕಾಲುವೆಯಂಥ ಗುಂಡಿ. ಕೆಲಸದವರ ಕಾಲು ಹಿಡಿದು, ಗುಂಡಿಗೆ ಎರಡು ಹಲಗೆ ಹಾಕಿಸಿ, ಸರ್ಕಸ್ಸಿನವನಂತೆ ದಾಟಿ, ಕಾರನ್ನು ನೇರವಾಗಿ ಪಂಪಿನ ಜಾಗಕ್ಕೆ ತಂದು ನಿಲ್ಲಿಸಿದ. ರುದ್ರಮ್ಮ ಕರು ಇಳಿಸಿಕೊಂಡಳು. ಹಿಂದಿನ ಸೀಟಿನಲ್ಲಿ ಅದು ಬಿಟ್ಟುಹೋದದ್ದನ್ನು ಇಲ್ಲಿ ಬರೆಯದಿರುವುದೇ ವಾಸಿ.

ಆದರೂ ನಾಗೇಂದ್ರನ ಎದೆ ಉಬ್ಬಿತ್ತು. ಜಾಗ ಒಂದು ಮಂಜೂರಾದರೆ ಸಾಕು. ಸೀಟು ತೊಳೆಯಬಹುದು, ಹಾರನ್ ರಿಪೇರಿ ಮಾಡಿಸಬಹುದು, ಮಾವನ ಕಾಲಿಗೆ ಬೀಳಬಹುದು.

ಅರ್ಪಿತ ಬಂದಳು. ಅಮೃತೇಶ್ ಬಂದ. ಬೀದಿಯವರೆಲ್ಲ ಸೇರಿದರು.

“ಹೇಳಿ, ಏನು ತೀರ್ಮಾನ ಮಾಡಿದ್ರಿ?”

ಗುರುಬಸಮ್ಮ ಒಂದು ಹೆಜ್ಜೆ ಮುಂದೆ ಬಂದು, “ಇಲ್ಲಿ ಪಾರ್ಕ್ ಮಾಡಿ ಕಣವ್ವ,” ಎಂದಳು.

“ಪಾರ್ಕ್ ಮಾಡಿ!” ಎಂದಳು ರುದ್ರಮ್ಮ. ಕರು ದನಿಗೂಡಿಸಿತು.

ನಂಜೇಶ ಕೈಮೈಕಿನಲ್ಲಿ, “ಹಲೋ, ಮೈಕ್ ಟೆಸ್ಟಿಂಗ್. ನಮ್ಮ ಬೇಡಿಕೆ ಏನು?” ಎಂದ.

“ಪಾರ್ಕ್ ಮಾಡಿ!” ಎಂದಿತು ಬೀದಿ.

“ಎಲ್ಲಿ?”

“ಇಲ್ಲೇ!” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾಗೇಂದ್ರ. ಅವನ ಕಣ್ಣಲ್ಲಿ ನೀರೇ ಬಂತು. ಇಂಥ ನೆರೆಹೊರೆ ಯಾರಿಗುಂಟು!

ಅರ್ಪಿತಳ ಕಣ್ಣಲ್ಲೂ ನೀರಿತ್ತು. “ನಾನು ಹೋದ ಬೀದಿಯಲ್ಲೆಲ್ಲ ಕಾರಿಗೆ ಜಾಗ ಕೊಡಿ ಅಂತ ಜಗಳ. ಕಾರು ಇರೋರೇ ಮುಂದೆ ನಿಂತು ಇಲ್ಲಿ ಪಾರ್ಕು ಬೇಕು ಅಂತ ಕೇಳಿದ್ದು ಇದೇ ಮೊದಲು! ಅಮೃತೇಶ್, ನಾಳೆಯಿಂದಲೇ ಶುರು. ಕಲ್ಲಿನ ಬೆಂಚು, ಸುತ್ತ ದಾಸವಾಳ, ನಟ್ಟನಡುವೆ ಒಂದು ಹೊಂಗೆ ಮರ!”

ಆ ಹೊಂಗೆಯನ್ನು ನಾಗೇಂದ್ರನ ಎದೆಯ ಮೇಲೇ ನೆಟ್ಟಂತಾಯಿತು.

“ಮೇಡಂ, ಮೇಡಂ! ಪಾರ್ಕು ಅಂದ್ರೆ ಪಾರ್ಕು ಅಲ್ಲ!”

“ಮತ್ತೆ?”

“ಪಾರ್ಕ್! ಪಾರ್ಕ್ ಮಾಡೋದು!”

“ಅದನ್ನೇ ಮಾಡ್ತಿರೋದು.”

“ನೀವು ಮಾಡೋದಲ್ಲ ಮೇ‌ಡಂ, ನಾನು ಮಾಡೋದು!”

“ನೀವೂ ಮಾಡಿ. ಗಿಡಕ್ಕೆ ನೀರು ಹಾಕಿ. ಜನ ಕೈಜೋಡಿಸಿದ್ರೆ ಚೆಂದ.”

“ಅಯ್ಯೋ, ಗಿಡ ಅಲ್ಲ, ಕಾರು! ಕಾರ್ ಪಾರ್ಕ್ ಮಾಡೋದು!” ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಕೊನೆಗೂ ಹೊರಗೆ ಬಿತ್ತು. ಜಗುಲಿಯ ಮೇಲೆ ನಿಂತಿದ್ದ ಕೋಮಲ ಹಣೆ ಚಚ್ಚಿಕೊಂಡಳು.

ಅಮೃತೇಶ್ ಹಾವು ಮೆಟ್ಟಿದವನಂತೆ ಹಾರಿದ. “ಕಾರಿಗಾ? ಕಾರು ನಿಲ್ಲೋಕೆ ಕಂಬಿ ಕಟ್ಟಿ ದಪ್ಪಗೆ ಕಾಂಕ್ರೀಟ್ ಸುರೀಬೇಕು ಸಾ. ಕೆಳಗೆ ನೀರಿನ ಪೈಪು ಹೋಗಿದೆ, ಅದನ್ನ ತಿರುಗಿಸ್ಬೇಕು. ನಿಮ್ಮ ಒಂದು ಕಾರು ಮಲಗ್ಸೋ ಖರ್ಚಲ್ಲಿ ಒಂದು ಮನೆ ಪಾಯ ಎದ್ದೇಳ್ತದೆ! ಪಾರ್ಕಿಗೇನು? ಅಗೆದ ಮಣ್ಣು ಇಲ್ಲೇ ಅದೆ, ಕಿತ್ತ ಚಪ್ಪಡಿ ಇಲ್ಲೇ ಅದೆ. ಬೆಂಚು ಬೇಕಾ, ತಕ್ಕೊಳ್ಳಿ ಈಗ್ಲೇ!” ಎಂದವನೇ ಕೆಲಸದವರನ್ನು ಕೂಗಿ, ಹಳೇ ಚರಂಡಿಯ ಚಪ್ಪಡಿಯೊಂದನ್ನು ಎರಡು ದಿಂಡುಗಲ್ಲಿನ ಮೇಲೆ ಕೂರಿಸಿಯೇಬಿಟ್ಟ. ಮಾತು ಬದಲಾಗುವ ಮುಂಚೆ ಪಾರ್ಕು ಶುರುವಾಗಿತ್ತು.

ನಾಗೇಂದ್ರ ನಂಜೇಶನ ಕೊರಳಪಟ್ಟಿ ಹಿಡಿದ. “ಏನ್ಲಾ, ನಾನು ಕೇಳಿದ್ದು ಏನು, ನೀವು ಕೂಗಿದ್ದು ಏನು?”

“ನೀನು ಕೇಳಿದ್ದನ್ನೇ ಕೂಗಿದ್ವಲ್ಲೋ! ಇಲ್ಲಿ ಪಾರ್ಕು ಮಾಡುಸ್ಬೇಕು ಅಂತ ನಾವೆಲ್ಲ ಬೆಳಿಗ್ಗೆ ಆ ಮೇಡಂ ಓಗ್ತಿದ್ದಂಗೇ ಮಾತಾಡ್ಕೊಂಡಿದ್ವಿ. ನಿಂದೊಂದೇ ಅಡ್ಡಗಾಲು ಅಂತ ಭಯ ಇತ್ತು. ನಿನ್ ಕೈಕಾಲು ಹಿಡ್ಕೊಳ್ಳಾನ ಅಂತಿದ್ರೆ, ನೀನೇ ಬಂದು ನಮ್ ಕೈಕಾಲು ಹಿಡ್ದೆ.”

“ಮತ್ತೆ ಸ್ಪೀಕರ್ರು? ಕರು? ತಗಡೂರು?”

“ಬಂದಿದ್ದನ್ನ ಬ್ಯಾಡ ಅನ್ನಕ್ಕಾಯ್ತದ?” ಎಂದಳು ಗುರುಬಸಮ್ಮ. “ಕಣ್ಣಿಗೆ ತಂಪು ಅಂತ ನೀನೇ ಅಲ್ವೇನಯ್ಯ ಅಂದಿದ್ದು?”

ಆಗಲೇ ಬೀದಿಯ ತುದಿಯಲ್ಲಿ ಚನ್ನಯ್ಯ ಕಾಣಿಸಿಕೊಂಡ. ಪಂಚೆ ಎತ್ತಿ ಕಟ್ಟಿ, ಹಲಗೆಯ ಮೇಲೆ ಗುಂಡಿ ದಾಟಿ, ಬುಸುಗುಡುತ್ತಾ ಬಂದ. ಮುಳುಗುವವನಿಗೆ ಕೊಂಬೆ ಸಿಕ್ಕಂತಾಯಿತು ನಾಗೇಂದ್ರನಿಗೆ. ಮಾವನಿಗೆ ಕಾರೆಂದರೆ ಪ್ರಾಣ. ಬೈಯಲಿ, ಹೊಡೆಯಲಿ, ಕಾರಿನ ಪರ ವಾದಿಸದೆ ಇರುತ್ತಾನೆಯೇ?

“ಮಾವ, ನೀವೇ ನ್ಯಾಯ ಹೇಳಿ! ಈ ಜಾಗದಲ್ಲಿ ಕಾರು ನಿಲ್ಲೋದು ಬ್ಯಾಡ, ಪಾರ್ಕು ಮಾಡ್ತೀವಿ ಅಂತಾವ್ರೆ!”

ಚನ್ನಯ್ಯ ಕಾರಿನ ಗಾಜು ನೋಡಿದ. ನೆತ್ತಿಯ ಮೇಲಿನ ಗೀರು ನೋಡಿದ. ಹಿಂದಿನ ಬಾಗಿಲು ತೆಗೆದು ತಕ್ಷಣ ಮುಚ್ಚಿದ. ಆಮೇಲೆ ಅರ್ಪಿತಳ ಕಡೆ ತಿರುಗಿ ಕೈಮುಗಿದ.

“ನೋಡವ್ವ, ನಾನು ಬಸ್ ಓಡ್ಸಿದೋನು. ಬೀದಿ ಬೀದೀಲಿ ಕಾರು ಅಡ್ಡ ನಿಲ್ಸಿ ಓಗೋರ್ನ ಬೈಕೊಂಡು ಬೈಕೊಂಡೇ ನನ್ ಸರ್ವೀಸು ಮುಗೀತು. ಇನ್ನು ನನ್ ಕಾರೇ ಅಡ್ಡ ನಿಲ್ಬೇಕಾ? ಪಾರ್ಕೇ ಮಾಡಿ. ಒಳ್ಳೇ ನೆರಳಿರೋ ಮರ ಆಕಿ.”

ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ನಂಜೇಶ ಮೈಕಿನಲ್ಲಿ ಶಿಳ್ಳೆ ಹೊಡೆದ.

“ಬೀಗದಕೈ ಕೊಡು,” ಎಂದ ಚನ್ನಯ್ಯ ಅಳಿಯನಿಗೆ.

“ಮಾವ, ಕಾರು ಷಡ್ಡಕನಿಗೆ ಕೊಡ್ಬ್ಯಾಡಿ ಮಾವ!”

“ಯಾಕ್ಲಾ ಅಳ್ತೀಯ? ನಾನು ಕೊಟ್ಟಿದ್ದನ್ನ ಕಿತ್ಕೊಳ್ಳೋ ಮನ್ಸ ಅಲ್ಲ. ಕಾರು ನಿಂದೇ. ನಮ್ಮನೆ ಅಂಗಳದಲ್ಲಿ ನಿಂತಿರ್ತದೆ. ನಿಂಗೆ ಎಲ್ಲಿಗಾದ್ರೂ ಓಗ್ಬೇಕು ಅಂದ್ರೆ ಬಸ್ಸತ್ತಿ ನರಸೀಪುರಕ್ಕೆ ಬಾ, ಕಾರು ತಕ್ಕೊಂಡೋಗು, ಸಂಜೆ ತಂದು ನಿಲ್ಸಿ ಬಸ್ಸತ್ತು. ಬ್ಯಾಟ್ರಿ ಇಳೀಬಾರ್ದಲ್ಲ, ದಿನಾ ಒಂದು ಸುತ್ತು ನಿನ್ ಷಡ್ಡಕ ಓಡಿಸ್ತಾನೆ. ತೊಳ್ಯಾಕೆ ಮಾತ್ರ ವಾರವಾರ ನೀನೇ ಬರ್ಬೇಕು.”

ಕೋಮಲ ಅಷ್ಟರಲ್ಲಿ ಬ್ಯಾಗು ಹಿಡಿದು ಗೇಟು ದಾಟಿದ್ದಳು. “ನಾನೂ ಬತ್ತೀನಪ್ಪ. ಬೀದಿ ಕೆಲ್ಸ ಮುಗಿಯೋಗಂಟ ಈ ಧೂಳು ಕುಡಿಯಾಕಾಗಲ್ಲ. ರೀ, ಹಿಟ್ಟಿನ ಡಬ್ಬಿ ಮೇಲಿನ ಅಟ್ಟದಲ್ಲದೆ.”

ಅಪ್ಪ ಮಗಳು ಮೂಗು ಮುಚ್ಚಿಕೊಂಡು ಮುಂದಿನ ಸೀಟುಗಳಲ್ಲಿ ಕೂತರು. ಬಿಳೀ ಕಾರು ಹಲಗೆ ದಾಟಿತು. ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗುವಾಗ ‘ಪಾಂ’ ಎಂದು ನಾಗೇಂದ್ರನಿಗೆ ವಿದಾಯ ಹೇಳಿ ಮರೆಯಾಯಿತು. ಕೆಲಸದವರು ಹಲಗೆ ತೆಗೆದರು.

ಬೆಳಗಿನಿಂದ ಒಂದು ತುತ್ತು ಅನ್ನ ಕಂಡಿರದ ನಾಗೇಂದ್ರ, ಕಾರು ನಿಂತಿದ್ದ ಜಾಗದ ಪಕ್ಕದಲ್ಲಿ ಅಮೃತೇಶ್ ಕೂರಿಸಿದ್ದ ಚಪ್ಪಡಿಯ ಮೇಲೆ ಧೊಪ್ಪನೆ ಕೂತು, ತಲೆಯ ಮೇಲೆ ಕೈ ಹೊತ್ತ.

ಎದುರಿಗೆ ಅಮೃತೇಶ್ ಮಣ್ಣಿನ ಗುಡ್ಡೆ ಕೆದಕುತ್ತಿದ್ದವನು ಏನನ್ನೋ ಎಳೆದು ತೆಗೆದು, ಧೂಳು ಕೊಡವಿ, ಮುಖ ಅರಳಿಸಿದ. “ಮೇಡಂ, ನೋಡಿ! ಪಾರ್ಕಿನ ಮುಂದೆ ಬೈಕು ಕಾರು ನಿಲ್ಲಿಸದ ಹಾಗೆ ಬೋರ್ಡು ಬೇಕು ಅಂದ್ರಲ್ಲ, ಬರೆದಿರೋದೇ ಸಿಕ್ತು! ಇದರ ಖರ್ಚೂ ಉಳೀತು!” ಎಂದು ಒಂದು ಗೂಟಕ್ಕೆ ಅದನ್ನು ಹೊಡೆದು, ಚಪ್ಪಡಿಯ ಪಕ್ಕದಲ್ಲೇ ನೆಟ್ಟ. ಹಳದಿ ಬಣ್ಣ, ಕೆಂಪಕ್ಷರ.

ಅಷ್ಟರಲ್ಲಿ ಗುರುಬಸಮ್ಮ ಎಲೆಯಡಿಕೆಯ ಚೀಲ ಹಿಡಿದು, ಕೋಲೂರಿಕೊಂಡು ನಿಧಾನವಾಗಿ ಬಂದು ನಾಗೇಂದ್ರನ ಮುಂದೆ ನಿಂತಳು.

“ಏಳಪ್ಪ, ಏಳು. ಅದು ನಾನು ಕುಂತ್ಕೊಳ್ಳೋ ಜಾಗ.”

“ಒಂದ್ಗಳಿಗೆ ಅಜ್ಜಿ, ಸಾಕಾಗದೆ...”

“ನಿನ್ ಬೋರ್ಡ್ನೇ ನೀನು ಓದಲ್ವೇನಯ್ಯ?” ಎಂದು ಗುರುಬಸಮ್ಮ ಕೋಲಿನ ತುದಿಯಿಂದ ತಗಡನ್ನು ಟಣ್ ಎಂದು ಬಡಿದಳು. “ಇಲ್ಲಿ ಪಾರ್ಕ್ ಮಾಡಬೇಡಿ!”